ಹನ್ನೊಂದರಲ್ಲಿ ಎಂಟು ಕಂಡಿ

ನಮ್ಮ ಶಿಶುವಿಹಾರದ ಗೇಟಿನ ಎದುರಿಗೇ ರಸ್ತೆ ಬದಿಯಲ್ಲಿ ಮೋರಿಯ ಬಾಯಿ ಇದೆ. ಅದರ ಮೇಲೊಂದು ದುಂಡನೆಯ ಕಬ್ಬಿಣದ ಜಾಲರಿ. ವರ್ಷಗಟ್ಟಲೆ ದಿನಕ್ಕೆರಡು ಸಲ ಅದನ್ನು ದಾಟಿಕೊಂಡು ಓಡಾಡಿದ್ದೇನೆ. ಅದರಲ್ಲಿ ಹನ್ನೊಂದು ಕಂಡಿಗಳಿವೆ ಎಂದು ನನಗೆ ಹೇಳಿಕೊಟ್ಟಿದ್ದು ಮಾತ್ರ ನನ್ನ ತರಗತಿಯ ಐದು ವರ್ಷದ ಒಬ್ಬ ಹುಡುಗಿ.

ಅದಕ್ಕೂ ಮೊದಲು ಮಕ್ಕಳನ್ನು ಒಮ್ಮೆ ಅಗ್ನಿಶಾಮಕ ಠಾಣೆಗೆ ಕರೆದುಕೊಂಡು ಹೋಗಿದ್ದೆ. ಸಾಲಾಗಿ ನಿಲ್ಲಿಸಿ, ಕೈಕಟ್ಟಿಸಿ, ಅಲ್ಲಿನವರು ಹೇಳಿದ್ದನ್ನೆಲ್ಲ ಕೇಳಿಸಿದೆ. ವಾಪಸ್ ಬಂದು ಚಿತ್ರ ಬರೆಯಿರಿ ಅಂದರೆ ಮುಕ್ಕಾಲು ಪಾಲು ಮಕ್ಕಳು ಬರೆದದ್ದು ನಾವು ಹೋಗಿದ್ದ ಬಸ್ಸು. ಅವತ್ತು ಬೇಜಾರಾಯಿತು. ಆಮೇಲೆ ಯೋಚಿಸಿದರೆ, ಆ ಇಡೀ ದಿನದಲ್ಲಿ ಅವರು ಹತ್ತಿ, ಇಳಿದು, ಕಿಟಕಿ ಹಿಡಿದು, ಮೈಮುಟ್ಟಿ ಅನುಭವಿಸಿದ್ದು ಬಸ್ಸೊಂದನ್ನೇ. ಉಳಿದದ್ದೆಲ್ಲ ನಾನು ತೋರಿಸಿದ್ದು.

ಹಾಗಾಗಿ ಈ ಸಲ ದೂರ ಹೋಗುವುದು ಬೇಡ, ಗೇಟಿನಾಚೆ ಕಾಲಿಟ್ಟರೆ ಸಾಕು ಅನ್ನಿಸಿತು. ನಮ್ಮ ರಸ್ತೆ ಗುಡಿಸುವ ಹೆಂಗಸನ್ನು ಹಿಂದಿನ ದಿನವೇ ಕೇಳಿದೆ: "ಅಮ್ಮಾ, ನಮ್ಮ ಮಕ್ಕಳಿಗೆ ಏನಾದರೂ ಕೆಲಸ ಕೊಡ್ತೀರಾ?"

"ಕಸದ ಕೆಲಸ ಅಲ್ವಾ ಟೀಚರ್, ಮಕ್ಕಳಿಗೆ ಏನಂತ ಕೊಡ್ಲಿ?" ಅಂದರು. ಆಮೇಲೆ ಪೊರಕೆ ಊರಿಕೊಂಡು ಸ್ವಲ್ಪ ಹೊತ್ತು ಯೋಚಿಸಿದರು. "ಒಣಗಿದ ಎಲೆ ಬೇರೆ ಚೀಲಕ್ಕೆ ತುಂಬಿ ಕೊಡ್ಲಿ. ನಂಗೆ ಅದನ್ನ ಬೇರೆ ಮಾಡೋದೇ ದೊಡ್ಡ ಕೆಲಸ."

ನನಗೆ ಬೇಕಾಗಿದ್ದು ಇಂಥದ್ದೇ. ನಾವು ಮಕ್ಕಳಿಗೆಂದು ಹುಟ್ಟುಹಾಕಿದ ಕೆಲಸಕ್ಕೂ, ಯಾರಿಗೋ ನಿಜವಾಗಿ ಆಗಬೇಕಾದ ಕೆಲಸಕ್ಕೂ ಇರುವ ವ್ಯತ್ಯಾಸ ಪುಟ್ಟ ಮಕ್ಕಳಿಗೆ ಬಲು ಬೇಗ ಗೊತ್ತಾಗುತ್ತದೆ. ನೆರವಾಗುವ ಆಸೆಯನ್ನು ನಾವೇನೂ ಅವರಿಗೆ ಕಲಿಸಬೇಕಿಲ್ಲ. ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 18 ತಿಂಗಳ ಕೂಸುಗಳು, ಗುರುತಿಲ್ಲದ ದೊಡ್ಡವರ ಕೈಯಿಂದ ಬಿದ್ದ ವಸ್ತುವನ್ನು ತಾವಾಗಿಯೇ ಎತ್ತಿಕೊಟ್ಟವು. ಎರಡೂ ಕೈ ತುಂಬಿದ್ದವರಿಗೆ ಕಪಾಟಿನ ಬಾಗಿಲು ತೆರೆದುಕೊಟ್ಟವು. ಅಂಥ ಮಕ್ಕಳು ನಮ್ಮಲ್ಲಿಗೆ ಬರುವ ಹೊತ್ತಿಗೆ ನಾವು "ಮುಟ್ಟಬೇಡ, ಸುಮ್ಮನೆ ಕೂತ್ಕೋ" ಅನ್ನುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಸಿರುತ್ತೇವೆ.

ಹನ್ನೆರಡು ಮಕ್ಕಳು, ಜೊತೆಗೆ ನಾನು, ಇಬ್ಬರು ತಾಯಂದಿರು. ಒಬ್ಬ ಮಗುವಿನ ತಂದೆ ಹಿಂದಿನ ರಾತ್ರಿ ಫೋನ್ ಮಾಡಿ, "ಬೀದಿ ಗುಡಿಸೋದಕ್ಕಾ ನಾವು ಮಗನ್ನ ಸ್ಕೂಲಿಗೆ ಕಳಿಸೋದು?" ಎಂದು ಕೇಳಿದ್ದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಎಲೆ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ, ಗ್ಲೌಸ್ ಇರುತ್ತದೆ, ವಾಹನ ಬರುವ ಕಡೆ ನಾವು ದೊಡ್ಡವರು ನಿಂತಿರುತ್ತೇವೆ, ಬಂದ ಮೇಲೆ ಕೈ ತೊಳೆಸುತ್ತೇವೆ ಎಂದೆ. ಆದರೂ ಅವರು ಒಪ್ಪಲಿಲ್ಲ. ಅವರ ಮಗ ಗೇಟಿನೊಳಗೇ ನಿಂತು, ತುಂಬಿದ ಚೀಲ ಬಂದಾಗಲೆಲ್ಲ ಸ್ಲೇಟಿನ ಮೇಲೆ ಒಂದೊಂದು ಗೆರೆ ಎಳೆಯುವ ಕೆಲಸ ವಹಿಸಿಕೊಂಡ. ಒಂದು ಗೆರೆಯನ್ನೂ ತಪ್ಪಿಸಲಿಲ್ಲ.

ಅವತ್ತು ಗಾಳಿ ಜೋರಿತ್ತು. ಮಕ್ಕಳು ಪುಟ್ಟ ಪೊರಕೆ ಹಿಡಿದು ಗಾಳಿಗೆ ಎದುರಾಗಿ ಗುಡಿಸುತ್ತಿದ್ದರು. ಗುಡಿಸಿದ ಎಲೆಯೆಲ್ಲ ತಿರುಗಿ ಅವರ ಕಾಲ ಬುಡಕ್ಕೇ ಬರುತ್ತಿತ್ತು. "ಗಾಳಿ ಯಾವ ಕಡೆಯಿಂದ ಬರ್ತಿದೆ ನೋಡಿ ಮಕ್ಕಳೇ" ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಆ ಹೆಂಗಸು ಏನೂ ಹೇಳದೆ ಸುಮ್ಮನೆ ಗಾಳಿಗೆ ಬೆನ್ನು ಮಾಡಿ ನಿಂತು ತಮ್ಮ ಪಾಡಿಗೆ ಗುಡಿಸತೊಡಗಿದರು. ಒಬ್ಬ ಹುಡುಗ ಕೈಕೆಲಸ ನಿಲ್ಲಿಸಿ ನೋಡಿದ. ಅವರ ಕಾಲು ನೋಡಿದ, ಪೊರಕೆ ನೋಡಿದ, ಹಾರಿಹೋಗುವ ಎಲೆ ನೋಡಿದ. ಆಮೇಲೆ ಒಂದು ಸುತ್ತು ಹಾಕಿ ಬಂದು ಅವರ ಪಕ್ಕದಲ್ಲಿ ಅದೇ ದಿಕ್ಕಿಗೆ ನಿಂತ. ಅವನ ಹಿಂದೆ ಇನ್ನೂ ಮೂವರು. ನಾನು ತೆರೆದ ಬಾಯಿ ಮುಚ್ಚಿಕೊಂಡೆ.

ಬಾರ್ಬರಾ ರೋಗಾಫ್ ಎಂಬ ಸಂಶೋಧಕಿ ಗ್ವಾಟೆಮಾಲಾದ ಮಾಯಾ ಜನರ ನಡುವೆ ದಶಕಗಳ ಕಾಲ ಅಧ್ಯಯನ ಮಾಡಿ ಬರೆದದ್ದು ಈ ರೀತಿಯ ಕಲಿಕೆಯ ಬಗ್ಗೆಯೇ. ಅಲ್ಲಿನ ಮಕ್ಕಳು ದೊಡ್ಡವರ ಕೆಲಸದ ನಡುವೆಯೇ ಇರುತ್ತಾರೆ, ಕಣ್ಣಿಟ್ಟು ನೋಡುತ್ತಾರೆ, ಕೈಲಾದಷ್ಟು ಕೈಜೋಡಿಸುತ್ತಾರೆ. ಪಾಠ ಅಂತ ಬೇರೆ ಹೇಳುವುದು ಕಡಿಮೆ. ನಾನು ಇದನ್ನು ತರಬೇತಿಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಕಣ್ಣಾರೆ ಕಂಡದ್ದು ಆ ನಾಲ್ಕು ಜೋಡಿ ಕಾಲುಗಳು ತಿರುಗಿ ನಿಂತಾಗ.

ಇನ್ನು ಆ ಹುಡುಗಿ. ತರಗತಿಯಲ್ಲಿ ಮಾತೇ ಆಡದವಳು. ಎಣಿಸು ಅಂದರೆ ತಲೆ ತಗ್ಗಿಸುವವಳು. ಎಲ್ಲರೂ ಎಲೆಯ ಹಿಂದೆ ಓಡುತ್ತಿದ್ದರೆ ಅವಳು ಜಾಲರಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಕಡ್ಡಿ ಹಿಡಿದು ಕಂಡಿಗಳನ್ನು ಎಣಿಸುತ್ತಿದ್ದಳು. ಜಾಲರಿ ದುಂಡಗಿದೆ, ಕಂಡಿಗಳು ಸುತ್ತಲೂ ಇವೆ. ಎಲ್ಲಿ ಶುರು ಮಾಡಿದ್ದೆ ಅನ್ನುವುದೇ ಅವಳಿಗೆ ಮರೆತುಹೋಗುತ್ತಿತ್ತು. ಹದಿಮೂರು ಬಂತು. ಮತ್ತೆ ಎಣಿಸಿದಳು, ಹದಿನೈದು. ಕಡ್ಡಿ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ನಂತರ ಒಂದು ಕಲ್ಲು ಹುಡುಕಿ ತಂದು ಒಂದು ಕಂಡಿಯ ಪಕ್ಕ ಇಟ್ಟಳು. ಅಲ್ಲಿಂದ ಶುರುಮಾಡಿ, ತಿರುಗಿ ಕಲ್ಲಿನ ಹತ್ತಿರ ಬಂದಾಗ ನಿಲ್ಲಿಸಿದಳು. ಹನ್ನೊಂದು.

ಎಣಿಕೆ ಅಂದರೆ ಅಂಕಿಗಳನ್ನು ಸಾಲಾಗಿ ಒಪ್ಪಿಸುವುದಷ್ಟೇ ಅಲ್ಲ, ಪ್ರತಿ ವಸ್ತುವಿಗೂ ಒಂದೇ ಒಂದು ಸಂಖ್ಯೆ ಕೊಡಬೇಕು, ಒಂದನ್ನೂ ಎರಡು ಸಲ ಎಣಿಸಬಾರದು ಎಂದು ಮನೋವಿಜ್ಞಾನಿಗಳಾದ ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ 1978ರಲ್ಲೇ ವಿವರಿಸಿದ್ದಾರೆ. ಅದನ್ನು ಕಲಿಸಲು ನಾನು ಬಣ್ಣದ ಮಣಿಗಳನ್ನು ಸಾಲಾಗಿ ಜೋಡಿಸಿ ಎಷ್ಟು ತಿಣುಕಿದ್ದೇನೆ! ಸಾಲಿಗೆ ಶುರುವೂ ಇದೆ, ಕೊನೆಯೂ ಇದೆ. ಅಲ್ಲಿ ಕಲ್ಲು ಇಡುವ ಪ್ರಸಂಗವೇ ಬರುವುದಿಲ್ಲ.

"ಮಿಸ್, ಹನ್ನೊಂದರಲ್ಲಿ ಎಂಟು ಮುಚ್ಕೊಂಡಿದೆ. ಮಳೆ ಬಂದ್ರೆ ನೀರು ಎಲ್ಲಿ ಹೋಗತ್ತೆ?"

ನಾನು ಅವಳನ್ನು ಆ ಹೆಂಗಸಿನ ಹತ್ತಿರ ಕಳಿಸಿದೆ. ಅವರು ಬಂದು ಬಗ್ಗಿ ನೋಡಿದರು. "ನಿಮ್ಮ ಸ್ಕೂಲ್ ಒಳಗೇ ಬರತ್ತೆ ಕಂದಾ. ಹೋದ ವರ್ಷ ಬಂದಿತ್ತಲ್ಲ, ನೆಲ ಎಲ್ಲ ಕೆಸರು!" ಗಾಡಿಯಿಂದ ಕಬ್ಬಿಣದ ಸರಳು ತಂದು ಒಂದೊಂದೇ ಕಂಡಿಯಲ್ಲಿ ಕಟ್ಟಿದ್ದನ್ನು ಕೆದಕಿದರು. ಅಷ್ಟು ಹೊತ್ತಿಗೆ ಎಲ್ಲ ಮಕ್ಕಳೂ ಎರಡು ಹೆಜ್ಜೆ ದೂರದಲ್ಲಿ ಸುತ್ತುಗಟ್ಟಿದ್ದರು. ಒಂದೊಂದು ಕಂಡಿ ಬಿಟ್ಟಾಗಲೂ ಕೂಗು: ನಾಲ್ಕು! ಐದು! ಆರು! ಗೇಟಿನೊಳಗಿದ್ದ ಹುಡುಗನೂ ಕೂಗುತ್ತಿದ್ದ. ಹನ್ನೊಂದು ಆದ ಮೇಲೆ ಬಕೆಟ್ಟಿನಲ್ಲಿ ನೀರು ತಂದು ಸುರಿದೆವು. ನೀರು ಗಿರಗಿರ ಸುತ್ತಿ ಗುಳುಕ್ಕೆಂದು ಇಳಿಯಿತು. ಇನ್ನೊಂದು ಬಕೆಟ್ ಬೇಕೆಂದರು. ಅದೂ ಆಯಿತು.

ಒಂದೇ ದಿನಕ್ಕೆ ಮುಗಿದಿದ್ದರೆ ಇದೂ ಬಸ್ಸಿನ ಚಿತ್ರದ ಹಾಗೆಯೇ ಆಗುತ್ತಿತ್ತೇನೋ. ನಾವು ಬಿಡಲಿಲ್ಲ. ಅಂದಿನಿಂದ ಪ್ರತಿ ಸೋಮವಾರ ಇಬ್ಬರು ಮಕ್ಕಳು ಜಾಲರಿ ನೋಡಿ ಬಂದು ಗೋಡೆಯ ಮೇಲಿನ ಹಾಳೆಯಲ್ಲಿ ಹನ್ನೊಂದು ಮನೆಗಳ ಚಕ್ರದೊಳಗೆ ಮುಚ್ಚಿದ ಕಂಡಿಗೆ ಬಣ್ಣ ತುಂಬುತ್ತಾರೆ. ಅದನ್ನು ಹಿಡಿದು ಆ ಹೆಂಗಸಿಗೆ ತೋರಿಸುತ್ತಾರೆ. ಅವರು ಓದುಬರಹ ಬಲ್ಲವರಲ್ಲ. ಆದರೆ ಆ ಹಾಳೆ ಅವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಮೊದಲ ದೊಡ್ಡ ಮಳೆ ಬಂದಾಗ ಮಕ್ಕಳೆಲ್ಲ ಕಿಟಕಿಗೆ ಮುಖ ಒತ್ತಿಕೊಂಡು ನೋಡಿದರು. ಅಂಗಳಕ್ಕೆ ನೀರು ಬರಲಿಲ್ಲ. ಫೋನ್ ಮಾಡಿದ್ದ ಆ ತಂದೆ ಸಂಜೆ ಮಗನನ್ನು ಕರೆದೊಯ್ಯಲು ಬಂದವರು, ಅವನು ಎಳೆದುಕೊಂಡು ಹೋದ ಕಡೆಗೆ ಹೋಗಿ ಕೊಡೆ ಹಿಡಿದು ನಿಂತು, ನೀರು ಇಳಿಯುವುದನ್ನು ನೋಡಿದರು. ಮುಂದಿನ ಸೋಮವಾರದ ಸರದಿಗೆ ಅವನ ಹೆಸರನ್ನೂ ಬರೆದುಕೊಂಡೆ.

ಮೊನ್ನೆ ಆ ಹುಡುಗಿಗೆ ಜ್ವರ, ಎರಡು ದಿನ ಬಂದಿರಲಿಲ್ಲ. ಬೆಳಿಗ್ಗೆ ಗೇಟು ತೆಗೆಯುವಾಗ ಆ ಹೆಂಗಸು ಗಾಡಿ ನಿಲ್ಲಿಸಿ ನನ್ನ ಹಿಂದೆ ಇಣುಕಿ ನೋಡಿದರು.

"ಟೀಚರ್, ನನ್ನ ಲೆಕ್ಕದೋಳು ಎಲ್ಲಿ?"