ಮೊಲಕ್ಕೆ ಯಾವ ರೈಫಲ್?

ಹೊಲದಲ್ಲಿ ಮೊಲದ ಕಾಟ ಜಾಸ್ತಿಯಾದರೆ ಅದೇ ಚರ್ಚೆ: .22 ರಿಮ್‌ಫೈರಾ, .17 ಎಚ್‌ಎಂಆರಾ? ಎರಡೂ ಸಣ್ಣ ಗುಂಡಿನವು; ಅಂಕಿ ಅಂದರೆ ಗುಂಡಿನ ಅಗಲ, ಸುಮಾರಾಗಿ ಇಂಚಿನಲ್ಲಿ. 2002ರಲ್ಲಿ ಬಂದ .17ರ ಗುಂಡು ಬರೀ 1.1 ಗ್ರಾಂ. ನೂರು ಮೀಟರ್ ಆಚೆಗೂ ನೆಟ್ಟಗೆ ಹೋಗುತ್ತದೆ, ಗಾಳಿ ಬೀಸಿದರೆ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಶಬ್ದಕ್ಕಿಂತ ವೇಗ ಜಾಸ್ತಿ, ಹಾಗಾಗಿ ಆ ಚಟಾರ್ ಸದ್ದನ್ನು ಸೈಲೆನ್ಸರ್ ಕೂಡ ಅಡಗಿಸುವುದಿಲ್ಲ.

ನನ್ನ ಓಟು .22ಕ್ಕೇ, ಅದೂ ಸಬ್‌ಸಾನಿಕ್ ಗುಂಡಿಗೆ, ಅಂದರೆ ಶಬ್ದಕ್ಕಿಂತ ನಿಧಾನವಾಗಿ ಹೋಗುವ, ಸದ್ದು ಕಡಿಮೆ ಇರುವ ಗುಂಡಿಗೆ. ಒಂದು ಮೊಲ ಬಿದ್ದರೂ ಎಷ್ಟೋ ಸಲ ಪಕ್ಕದ್ದು ಕಿವಿ ನಿಮಿರಿಸಿ ಮತ್ತೆ ಮೇಯಲು ಶುರು ಮಾಡುತ್ತದೆ. ಐವತ್ತು ಮೀಟರಿಗೆ ಧಾರಾಳವಾಯಿತು. ಕೊಲ್ಲುವುದೇ ಆದರೆ ನರಳಿಸದೆ ಒಂದೇ ಏಟಿಗೆ ಮುಗಿಯಬೇಕು, ಅಲ್ವಾ?

ಭಯ ಒಂದೇ. ಕಲ್ಲಿಗೋ ಗಟ್ಟಿ ನೆಲಕ್ಕೋ ತಾಗಿದರೆ .22 ಗುಂಡು ಚಿಮ್ಮಿ ಎಲ್ಲೆಲ್ಲಿಗೋ ಹಾರುತ್ತದೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ನಾನಂತೂ ಟ್ರಿಗರ್ ಮುಟ್ಟುವುದಿಲ್ಲ, ಮೊಲ ಎಷ್ಟೇ ಹತ್ತಿರ ಕೂತಿರಲಿ.