ಕಿಟ್ಟೆಲ್‌ಗೆ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗನ್ ಎಂಥದ್ದು?

ಕಿಟ್ಟೆಲ್ ನಿಘಂಟಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟ ಟ್ಯೂಬಿಂಗನ್ ಅಷ್ಟು ದೊಡ್ಡ ವಿಶ್ವವಿದ್ಯಾಲಯವೇ? ಬರ್ಲಿನ್ ಅಲ್ಲ, ಆಕ್ಸ್‌ಫರ್ಡ್ ಅಲ್ಲ, ಅದೇ ಏಕೆ?

ಊರು ಚಿಕ್ಕದು, ನಿಜ. ಜರ್ಮನಿಯ ನೆಕರ್ ನದಿಯ ದಡದಲ್ಲಿದೆ. ವಿಶ್ವವಿದ್ಯಾಲಯವನ್ನು 1477ರಲ್ಲಿ ಸ್ಥಾಪಿಸಿದವನು ಅಲ್ಲಿನ ದೊರೆ ಎಬರ್‌ಹಾರ್ಟ್. 1536ರಲ್ಲಿ ಪ್ರೊಟೆಸ್ಟೆಂಟ್ ಪಾದ್ರಿಗಳಾಗಲು ಓದುವವರಿಗೆಂದು ‘ಸ್ಟಿಫ್ಟ್’ ಎಂಬ ವಿದ್ಯಾರ್ಥಿನಿಲಯ ಹುಟ್ಟಿತು. ಆದರೆ ಅಲ್ಲಿ ಓದಿದವರೆಲ್ಲ ಪಾದ್ರಿಗಳಾಗಲಿಲ್ಲ. 1589ರಲ್ಲಿ ಬಂದ ಖಗೋಳಶಾಸ್ತ್ರಜ್ಞ ಕೆಪ್ಲರ್, ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ಕೋಪರ್ನಿಕಸ್‌ನ ಸಿದ್ಧಾಂತವನ್ನು ಮೆಸ್ಟ್‌ಲಿನ್ ಎಂಬ ಗುರುವಿನಿಂದ ಕಲಿತ. ತತ್ತ್ವಜ್ಞಾನಿಗಳಾದ ಹೆಗೆಲ್ ಮತ್ತು ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಒಂದೇ ಕಾಲಕ್ಕೆ ಅಲ್ಲಿದ್ದರು. ಮಂಗಳೂರಿನಿಂದ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಟ್ಯೂಬಿಂಗನ್ನಿನಲ್ಲೇ ಓದಿದವರು.

ನನಗೆ ಅಲ್ಲಿ ಎಲ್ಲಕ್ಕಿಂತ ಪ್ರಿಯವಾದ ಜಾಗ ಗುಡ್ಡದ ಮೇಲಿನ ಕೋಟೆಯ ಹಳೆಯ ಅಡುಗೆಮನೆ. ಅದನ್ನು ಪ್ರಯೋಗಾಲಯ ಮಾಡಿಕೊಂಡಿದ್ದರು. ಫ್ರೀಡ್ರಿಕ್ ಮೀಷರ್ ಎಂಬ ತರುಣ ಆಸ್ಪತ್ರೆಯಿಂದ ಗಾಯದ ಪಟ್ಟಿಗಳನ್ನು ತರಿಸಿ, ಅವುಗಳಿಗೆ ಅಂಟಿದ ಕೀವನ್ನು ತೊಳೆದು, ಅದರೊಳಗಿನ ಬಿಳಿ ರಕ್ತಕಣಗಳ ಕೇಂದ್ರವನ್ನು ಬೇರ್ಪಡಿಸಿದ. 1869ರಲ್ಲಿ ಅವನ ಕೈಗೆ ಸಿಕ್ಕಿದ ಆ ಹೊಸ ವಸ್ತುವನ್ನೇ ನಾವು ಇಂದು ಡಿಎನ್‌ಎ ಎನ್ನುತ್ತೇವೆ.

ಕಪ್ಪು ಅಧ್ಯಾಯವೂ ಇದೆ. ಅದನ್ನು ಮುಚ್ಚಿಟ್ಟು ಹೊಗಳಲಾರೆ. ನಾಜಿಗಳ ಕಾಲದಲ್ಲಿ ಅಲ್ಲಿಂದ ಹೊರಹಾಕಬೇಕಾದ ಯಹೂದಿ ಪ್ರಾಧ್ಯಾಪಕರು ತೀರಾ ಕಡಿಮೆಯಿದ್ದರು. ಅವರನ್ನು ಮೊದಲಿನಿಂದಲೂ ಸೇರಿಸಿಕೊಂಡಿರಲಿಲ್ಲವಾದ್ದರಿಂದ!

ಇನ್ನು ಕಿಟ್ಟೆಲ್ ವಿಚಾರ. ಅವರು ಅಲ್ಲಿನ ವಿದ್ಯಾರ್ಥಿಯಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತರಬೇತಾದವರು. ಆದರೆ ರುಡಾಲ್ಫ್ ರೋಟ್ ಎಂಬ ಸಂಸ್ಕೃತ ವಿದ್ವಾಂಸರು ದಶಕಗಳ ಕಾಲ ಟ್ಯೂಬಿಂಗನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದರು, ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ಬ್ಯೋಟ್ಲಿಂಕ್ ಎಂಬ ಇನ್ನೊಬ್ಬ ಸಂಸ್ಕೃತ ವಿದ್ವಾಂಸರ ಜೊತೆ ಸೇರಿ ಅವರು 1855ರಿಂದ 1875ರವರೆಗೆ ಏಳು ಸಂಪುಟಗಳ ಸಂಸ್ಕೃತ ನಿಘಂಟನ್ನು ಹೊರತಂದರು. ವೇದದ ಪದಗಳ ಹೊಣೆ ರೋಟ್ ಅವರದೇ. ಪದವೊಂದು ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿ, ಪ್ರಯೋಗ ಕೊಟ್ಟು, ಅರ್ಥ ತೂಗಿ ಬರೆಯುವುದು ಎಂಥ ದುಡಿಮೆ ಎಂಬುದನ್ನು ಆ ವಿಶ್ವವಿದ್ಯಾಲಯ ಹತ್ತಿರದಿಂದ ಕಂಡಿತ್ತು. ಕಿಟ್ಟೆಲ್ 1894ರಲ್ಲಿ 1,700ಕ್ಕೂ ಹೆಚ್ಚು ಪುಟಗಳಲ್ಲಿ ಕನ್ನಡಕ್ಕೆ ಮಾಡಿಕೊಟ್ಟದ್ದು ಇದೇ ಜಾತಿಯ ಕೆಲಸ. ಅದನ್ನು ಅಳೆಯುವ ಅರ್ಹತೆ ಟ್ಯೂಬಿಂಗನ್ನಿಗಿತ್ತು. ಬರ್ಲಿನ್ ಕೊಟ್ಟಿದ್ದರೂ ಆ ಡಾಕ್ಟರೇಟಿನ ತೂಕ ಹೆಚ್ಚುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.