ರಾಮಪತ್ರೆ ಜಡ್ಡಿಯ ಹಾವಸೆ

ಶಿರಸಿ, 21 ಸೆಪ್ಟೆಂಬರ್ 2024, ಶನಿವಾರ

ಅರಣ್ಯ ಇಲಾಖೆಯ ಅನುಮತಿ ಪಡೆದುಕೊಂಡು, ರಾಮಪತ್ರೆ ಮರಗಳ ಜಡ್ಡಿಯ, ಅಂದರೆ ಕಾಡಿನೊಳಗಿನ ಜೌಗಿನ, ಹಾವಸೆಯ ಚಿತ್ರ ತೆಗೆಯಲು ಇಂದು ಬೆಳಿಗ್ಗೆ ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಹೋಗಿದ್ದೆ. ರಾತ್ರಿಯಿಡೀ ಸುರಿದ ಮಳೆ ಹೊಳವಾಗಿತ್ತಾದರೂ ಮೋಡ ಚದುರಿರಲಿಲ್ಲ. ನನಗೆ ಬೇಕಾಗಿದ್ದುದೂ ಅದೇ. ಬಿಸಿಲು ಬಿದ್ದರೆ ಎಲೆಸಂದಿಯಿಂದ ಇಳಿಯುವ ಬೆಳಕಿನ ಚುಕ್ಕೆಗಳು ಚಿತ್ರದಲ್ಲಿ ಬರೀ ಬಿಳಿ ಕಲೆಗಳಾಗಿ ಉಳಿಯುತ್ತವೆ.

ಹಾವಸೆಗೆ ನಿಜವಾದ ಬೇರಿಲ್ಲ, ಅದು ಮೈಯಿಂದಲೇ ನೀರು ಹೀರುತ್ತದೆ. ಬೇಸಿಗೆಯಲ್ಲಿ ಕಂದು ಪುಡಿಯಂತೆ ಕಾಂಡಕ್ಕೆ ಅಂಟಿಕೊಂಡಿದ್ದುದು ಇಂದು ಉಬ್ಬಿ, ಕೊಂಬೆಗಳಿಂದ ಗೇಣುದ್ದ ಜೋತುಬಿದ್ದು, ತುದಿಯಲ್ಲಿ ಹನಿ ಹಿಡಿದು ನಿಂತಿತ್ತು. ಒದ್ದೆ ಹಾವಸೆಯ ಮೇಲಿನ ಹೊಳಪು ಅದರ ಹಸಿರನ್ನು ಮುಚ್ಚುವುದರಿಂದ ಲೆನ್ಸಿಗೆ ಪೋಲರೈಸರ್ ಎಂಬ ಫಿಲ್ಟರ್ ಹಾಕಿ, ಹೊಳಪು ಕರಗುವವರೆಗೆ ನಿಧಾನವಾಗಿ ತಿರುಗಿಸಿದೆ. ಅದು ಬೆಳಕನ್ನೂ ತಿನ್ನುತ್ತದೆ. ಲೆನ್ಸಿನ ಕಿಂಡಿ ಎಫ್ 11, ಬೆಳಕಿನ ಸಂವೇದನೆ ಐಎಸ್ಓ 100 ಇಟ್ಟಾಗ ಷಟರ್ 8 ಸೆಕೆಂಡು ತೆರೆದಿರಬೇಕಾಯಿತು. ಅಷ್ಟು ಹೊತ್ತು ಒಂದು ಎಳೆಯೂ ಅಲುಗಬಾರದು. ಗಾಳಿ ನಿಲ್ಲುವುದನ್ನು ಕಾಯುತ್ತ ಕಾಲಿಗೇರಿದ ಉಂಬಳಗಳನ್ನೂ ಕೀಳದೆ ನಿಂತಿದ್ದೆ. ಕತ್ತಲ ಕಾಡನ್ನು ಕ್ಯಾಮೆರಾ ತಾನಾಗಿ ಬೆಳಗಿಸಿ ತೋರಿಸುತ್ತದೆಯಾದ್ದರಿಂದ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ಕಡಿಮೆ ಮಾಡಿಕೊಂಡೆ. ಕತ್ತಲೆಕಾನು ಕತ್ತಲಾಗಿಯೇ ಕಾಣಬೇಕು.

ಟ್ರೈಪಾಡನ್ನು ಇನ್ನೊಂದು ಮಾರು ಒಳಗೆ ಇಡಲು ಹೊರಟಾಗ, ಜೊತೆಗೆ ಬಂದಿದ್ದ ಊರಿನ ಹಿರಿಯರು ತಡೆದರು: "ತಮಾ, ಆ ಬೇರು ಮೆಟ್ಟಡ. ಮರ ಅದ್ರಲ್ಲೇ ಉಸ್ರಾಡ್ತು." ಸದಾ ನೀರು ನಿಂತ ಕೆಸರಿನಲ್ಲಿ ಗಾಳಿಯಾಡದ ಕಾರಣ, ಇಲ್ಲಿನ ಮರಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಮತ್ತೆ ಕೆಸರಿಗಿಳಿಯುತ್ತವೆ. ಅಡಿಕೆ ತೋಟಕ್ಕೂ ಗದ್ದೆಗೂ ಇಂಥ ಎಷ್ಟೋ ಜಡ್ಡಿಗಳು ಹೋಗಿ ಅಲ್ಲಲ್ಲಿ ತುಣುಕುಗಳು ಉಳಿದಿರುವಾಗ, ಒಂದು ಚಿತ್ರಕ್ಕಾಗಿ ಅಲ್ಲಿ ಕಾಲಿಡುವುದು ನನ್ನಿಂದಾಗದು. ದಂಡೆಯಲ್ಲೇ ಉಳಿದು ಉದ್ದ ಲೆನ್ಸ್ ಹಾಕಿದೆ.

ಹಾಗೆ ದೂರದಿಂದ ನೋಡಿದಾಗಲೇ ಕಂಡಿದ್ದು: ಒಂದು ಮೊಣಕಾಲು ಬೇರಿನ ನೆತ್ತಿಯ ಮೇಲೆ ಅಂಗೈಯಗಲದ ಹಾವಸೆ, ಅದರಿಂದ ಕೂದಲೆಳೆಯಂಥ ಕೆಂಪು ತೊಟ್ಟುಗಳು, ಪ್ರತಿ ತೊಟ್ಟಿನ ತುದಿಗೆ ಸಾಸಿವೆಗಿಂತ ಚಿಕ್ಕದಾದ ಬೀಜಕದ ಕುಡಿಕೆ. ನೀರಿನ ಗೆರೆಯ ಕೆಳಗೆ ಬೇರು ಬೋಳಾಗಿತ್ತು. ಹಾವಸೆ ಆ ಗೆರೆಗೆ ಸರಿಯಾಗಿ ನಿಂತಿತ್ತು. ಹತ್ತೂವರೆಗೆ ಬಿಸಿಲು ಒಡೆಯುವವರೆಗೂ ಅದೊಂದನ್ನೇ ತೆಗೆದೆ. ಹತ್ತೊಂಬತ್ತರಲ್ಲಿ ಎರಡು ಚಿತ್ರಗಳು ಅಲುಗದೆ ಬಂದಿವೆ.